ಖಾಲಿ ಮೊಳೆ

ನನ್ನ ಮೇಜಿನ ಮೇಲೆ ಒಂದು ಸೀಸದ ತುಂಡು ಇದೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಒಂದಂಗುಲಕ್ಕಿಂತ ಚೂರು ಗಿಡ್ಡ. ನಾಲ್ಕೂ ಕಡೆ ನುಣುಪು. ಚಿತ್ರದುರ್ಗದ ಗಾಳಿಗೆ ಕಾಗದ ಹಾರಬಾರದೆಂದು ಇಟ್ಟುಕೊಂಡಿದ್ದೇನೆ, ಅಷ್ಟೇ. ಆದರೆ ಪ್ರತಿವರ್ಷ ಹೊಸ ಬ್ಯಾಚು ಬಂದಾಗ ಯಾರಾದರೂ ಒಬ್ಬರು ಅದನ್ನು ಎತ್ತಿ ನೋಡಿಯೇ ನೋಡುತ್ತಾರೆ. ಈ ವರ್ಷ ನೋಡಿದವನು ತಾಳ್ಯದ ಕಡೆಯ ತಿಪ್ಪೇಶ.

"ಮೇಡಂ, ಇದ್ರಾಗೆ ಅಕ್ಷರನೇ ಇಲ್ಲ. ಸವೆದು ಹೋಗೈತಾ?"

"ಇಲ್ಲಪ್ಪ. ಅದು ಹುಟ್ಟಿದ್ದೇ ಹಾಗೆ."

"ಹಂಗಾದ್ರೆ ಇದ್ರಿಂದ ಏನು ಪ್ರಿಂಟ್ ಆಗ್ತೈತೆ?"

"ಏನೂ ಆಗಲ್ಲ. ಆಗಬಾರದು ಅಂತಲೇ ಮಾಡಿರೋದು."

ಅವನು ನನ್ನನ್ನು ಒಂದು ಸಲ, ಸೀಸವನ್ನು ಒಂದು ಸಲ ನೋಡಿ, ಎರಡನ್ನೂ ಇದ್ದಲ್ಲೇ ಬಿಟ್ಟು ಹೋದ. ವಿವರಿಸಿ ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಕಲಾ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ವಿನ್ಯಾಸದ ಮೂಲಪಾಠ ಹೇಳುತ್ತಿದ್ದೇನೆ. ಕಪ್ಪು ಕಾಗದದಿಂದ ಐದು ಚೌಕ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಜೋಡಿಸಿ, ಬಿಗುವು ತೋರಿಸಿ. ಅದೇ ಐದು ಚೌಕದಲ್ಲಿ ಸಡಿಲ ತೋರಿಸಿ. ಬೀಳುತ್ತಿರುವಂತೆ ತೋರಿಸಿ. 'ಅ' ಅಕ್ಷರವನ್ನು ಹಾಳೆ ತುಂಬ ಬರೆದು, ಅಂಚಿನಲ್ಲಿ ಕತ್ತರಿಸುತ್ತ ಹೋಗಿ, ಎಲ್ಲಿಯವರೆಗೆ ಅದು 'ಅ' ಆಗಿ ಉಳಿಯುತ್ತದೆ ನೋಡಿ. ಈ ಮಾತುಗಳು ಈಗ ನನ್ನ ಬಾಯಿಂದ ಬಸ್ಸಿನ ಕಂಡಕ್ಟರ್ ಊರು ಕೂಗಿದ ಹಾಗೆ ತಾವಾಗಿಯೇ ಬರುತ್ತವೆ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ. ನನಗೆ ಸುಸ್ತಾಗಿದೆ ಸ್ವಾಮಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಸುಸ್ತು ಮುಂದೆ ಒಂದು ಅಪರಾಧಕ್ಕೆ ಕಾರಣವಾಗುವುದಿದೆ.

ಸಮತೋಲನದ ಪಾಠಕ್ಕೆ ನಾನು ಹೆಚ್ಚು ಕಷ್ಟಪಡುವುದಿಲ್ಲ. ಕಿಟಕಿ ತೆಗೆದು ಬಂಡೆಗಳನ್ನು ತೋರಿಸುತ್ತೇನೆ. ಅಷ್ಟು ದೊಡ್ಡ ಗುಂಡು ಅಷ್ಟು ಸಣ್ಣ ತುದಿಯ ಮೇಲೆ, ಅದೂ ನಡುವೆ ಅಲ್ಲ, ಒಂದು ಪಕ್ಕಕ್ಕೆ ವಾಲಿಕೊಂಡು, ಯಾವ ಕಾಲದಿಂದಲೋ ನಿಂತಿದೆ. "ಎಡಕ್ಕೂ ಬಲಕ್ಕೂ ಒಂದೇ ಥರ ಇಟ್ಟರೆ ಮಾತ್ರ ಸಮತೋಲನ ಅಂದುಕೊಳ್ಳಬೇಡಿ" ಎನ್ನುತ್ತೇನೆ. ಹುಡುಗ ಹುಡುಗಿಯರು ಬಂಡೆ ನೋಡುವ ನೆವದಲ್ಲಿ ರಸ್ತೆ ನೋಡುತ್ತಾರೆ. ರಸ್ತೆಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಅದರಲ್ಲಿ ಮೂವತ್ತು ಮುಖ. ದೊಡ್ಡವರ ಮುಖ ದೊಡ್ಡದು, ಸಣ್ಣವರದು ಸಣ್ಣದು, ಕೊನೆಯ ಸಾಲಿನವರದು ಅಂಚೆಚೀಟಿಯಷ್ಟು. ಯಾವುದಕ್ಕೆ ಎಷ್ಟು ಒತ್ತು ಕೊಡಬೇಕೆಂಬ ಪಾಠವನ್ನು ನಮ್ಮ ಊರಿನ ಫ್ಲೆಕ್ಸು ಅಂಗಡಿಯವರು ನನಗಿಂತ ಚೆನ್ನಾಗಿ ಬಲ್ಲರು.

ನಾನು ಇದನ್ನೆಲ್ಲ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ಹೊಸದುರ್ಗದ ಒಂದು ಪುಟ್ಟ ಪ್ರೆಸ್ಸಿನಲ್ಲಿ, ಕಾಲಿನಿಂದ ತುಳಿಯುವ ಯಂತ್ರದ ಪಕ್ಕ, ಗೋಣಿಚೀಲದ ಮೇಲೆ ಕೂತು. ನಮ್ಮ ಅವ್ವ ಹಾಲಮ್ಮ ಅಲ್ಲಿ ಮೊಳೆ ಜೋಡಿಸುತ್ತಿದ್ದಳು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಅಚ್ಚಿನ ಮೊಳೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ಕಡ್ಡಿ. ಅಪ್ಪ ಹಿರಿಯೂರಿನಿಂದ ತೆಂಗಿನಕಾಯಿ ಲೋಡು ತೆಗೆದುಕೊಂಡು ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಪ್ರೆಸ್ಸಿಗೇ ಹೋಗುತ್ತಿದ್ದೆ. ಸೀಮೆಎಣ್ಣೆ, ಮಸಿ ಮತ್ತು ಯಜಮಾನರಾದ ಮರುಳಪ್ಪನವರ ನಶ್ಯ, ಈ ಮೂರೂ ಸೇರಿದ ಒಂದು ವಾಸನೆ ಅಲ್ಲಿತ್ತು. ಈಗಲೂ ಎಲ್ಲಿಯಾದರೂ ಸೀಮೆಎಣ್ಣೆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ಅವ್ವ ಕೆಲಸ ಮುಗಿಸಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಸೋಪು ಹಾಕಿ ತೊಳೆದು, ಡಬ್ಬಿ ಬಿಚ್ಚಿ ರೊಟ್ಟಿ ಕೊಡುತ್ತಿದ್ದಳಲ್ಲ, ಅದಕ್ಕೆ.

ಮುಂದೆ ಓರೆಯಾಗಿ ನಿಲ್ಲಿಸಿದ ಮರದ ತಟ್ಟೆ, ಅದರ ತುಂಬ ಪುಟ್ಟ ಪುಟ್ಟ ಗೂಡು. ಒಂದರಲ್ಲಿ 'ಕ', ಒಂದರಲ್ಲಿ 'ಗ', ಒತ್ತುಗಳಿಗೆ ಬೇರೆ ಗೂಡು. ಅವ್ವ ತಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಗಿರಾಕಿ ಬರೆದುಕೊಟ್ಟ ಚೀಟಿಯ ಮೇಲೆ, ಬಲಗೈ ಗೂಡುಗಳ ಮೇಲೆ, ಎಡಗೈಯಲ್ಲಿ ಮೊಳೆ ಜೋಡಿಸುವ ಕಬ್ಬಿಣದ ಪಟ್ಟಿ. ಕೋಳಿ ಕಾಳು ಹೆಕ್ಕುವ ಹಾಗೆ ಟಕ್ ಟಕ್ ಎಂದು ಹೆಕ್ಕುತ್ತಿದ್ದಳು. ನನಗೆ ಅತಿ ಹೆಚ್ಚು ಸೋಜಿಗವೆನಿಸುತ್ತಿದ್ದುದು ಅತಿ ದೊಡ್ಡ ಗೂಡು. ಅದರಲ್ಲಿ ಅಕ್ಷರವೇ ಇಲ್ಲದ ಮೊಳೆಗಳು ರಾಶಿ ಇದ್ದವು.

"ಇವು ಯಾಕವ್ವ?"

"ಅವು ಜಾಗ ಕಣೇ."

"ಜಾಗ ಅಂದ್ರೆ ಏನೂ ಇಲ್ಲ ಅಲ್ವಾ? ಬಿಟ್ಟುಬಿಟ್ರೆ ಆತು."

"ಬಿಟ್ರೆ ಅಕ್ಷರ ಎಲ್ಲ ಉರುಳ್ತಾವೆ. ಖಾಲಿ ಬೇಕಂದ್ರೆ ಖಾಲಿನೂ ತುಂಬ್‌ಬೇಕು. ಎತ್ತಿ ನೋಡು."

ಎತ್ತಿದೆ. 'ಕ'ಗಿಂತ ಭಾರವಾಗಿತ್ತು. ಆಮೇಲೆ ನಾನು ದೊಡ್ಡ ಊರಿನಲ್ಲಿ ದೊಡ್ಡ ಗುರುಗಳಿಂದ ಬಿಳಿಜಾಗದ ಮಹತ್ವದ ಬಗ್ಗೆ ಬೇಕಾದಷ್ಟು ಉಪನ್ಯಾಸ ಕೇಳಿದ್ದೇನೆ. ಅವರ್ಯಾರೂ ಅದನ್ನು ನನ್ನ ಅಂಗೈಯಲ್ಲಿ ಇಟ್ಟಿರಲಿಲ್ಲ. ಮೇಜಿನ ಮೇಲಿರುವುದು ಆ ರಾಶಿಯದೇ ಒಂದು ತುಂಡು. ಕದ್ದದ್ದು. ಅವ್ವನಿಗೆ ಗೊತ್ತಿದೆ.

ಲಗ್ನದ ಕಾಲ ಬಂತೆಂದರೆ ಪ್ರೆಸ್ಸಿನಲ್ಲಿ 'ಶ್ರೀ'ಗೆ ಬರ. ಪ್ರತಿ ಹೆಸರಿನ ಹಿಂದೆ ಶ್ರೀ, ಶ್ರೀಮತಿ. ಎರಡು ಕಾರ್ಡು ಒಟ್ಟಿಗೆ ಜೋಡಿಸಲು ಕೂತರೆ ಎರಡನೆಯದರ ಅರ್ಧಕ್ಕೇ ಗೂಡು ಖಾಲಿ. ಮೊದಲನೆಯದು ಅಚ್ಚಾಗಿ, ಮೊಳೆ ಬಿಚ್ಚಿ ತೊಳೆಯುವವರೆಗೆ ಎರಡನೇ ಮನೆಯ ಸೋದರಮಾವಂದಿರು ಶ್ರೀ ಇಲ್ಲದೆ ಕಾಯಬೇಕು. ಒಂದು ಸಲ ಹೊಳಲ್ಕೆರೆ ಕಡೆಯವರು ಬಂದಿದ್ದರು. ಹುಡುಗಿಗೆ ಹನ್ನೊಂದು ಜನ ದೊಡ್ಡಪ್ಪ ಚಿಕ್ಕಪ್ಪಂದಿರು. ಅವರಲ್ಲಿ ಆರು ಜನ ಪ್ರೆಸ್ಸಿಗೇ ಬಂದು, ಬೆಂಚಿನ ಮೇಲೆ ಸಾಲಾಗಿ ಕೂತು, ಎಲ್ಲರ ಹೆಸರೂ ದಪ್ಪಕ್ಷರದಲ್ಲಿ ಇರಬೇಕೆಂದು ಪಟ್ಟು ಹಿಡಿದರು.

"ಎಲ್ಲಾ ದಪ್ಪ ಆದ್ರೆ ಯಾವ್ದೂ ದಪ್ಪ ಆಗಲ್ಲ, ನೋಡ್ರಿ" ಎಂದಳು ಅವ್ವ.

"ನಾವು ಹೇಳಿದ್ದು ಮಾಡವ್ವ" ಎಂದರು ಹಿರಿಯರು.

ಅವ್ವ ಮಾಡಿದಳು. ಕಾರ್ಡು ಕಲ್ಲುಗೋಡೆಯ ಹಾಗಾಯಿತು. ಹೆಸರುಗಳೇ ಇಡೀ ಜಾಗ ತಿಂದು, ಲಗ್ನದ ದಿನ ಮತ್ತು ಊರು ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಮುದುರಿಕೊಂಡವು. ಅದರ ಮೇಲೆ ಮನೆಯವರು ಪದ್ಧತಿಯಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಅರಿಶಿನ ಸರಿಯಾಗಿ ತಾರೀಖಿನ ಮೇಲೆ ಕೂತಿತು. ಮುಂದಿನ ಹದಿನೈದು ದಿನ ದಾರಿಯಲ್ಲಿ ಹೋಗುವವರೆಲ್ಲ ಪ್ರೆಸ್ಸಿನ ಬಾಗಿಲಲ್ಲಿ ಇಣುಕಿ, "ಮರುಳಪ್ಪಾರೆ, ಆ ಲಗ್ನ ಯಾವತ್ತು?" ಎಂದು ಕೇಳಿದ್ದೇ ಕೇಳಿದ್ದು. ನಾನು ಇದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಮೊದಲೆಲ್ಲ ನಗುತ್ತಿದ್ದರು. ಈಗಿನವರು ಅಚ್ಚಾದ ಲಗ್ನಪತ್ರಿಕೆಯನ್ನು ತೆರೆದು ಓದುವುದೇ ಇಲ್ಲ, ಫೋನಿನಲ್ಲಿ ಬಂದದ್ದನ್ನು ನೋಡುತ್ತಾರೆ. ನಗು ಎಲ್ಲಿಂದ ಬರಬೇಕು? ಅಂದಹಾಗೆ, ಅಷ್ಟೊಂದು ಲಗ್ನಪತ್ರಿಕೆಗಳ ನಡುವೆ ಬೆಳೆದ ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ 'ಶ್ರೀ ಮುಗಿದಿತ್ತು' ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಹೇಳಬೇಕಾದದ್ದು ಇನ್ನೊಂದಿತ್ತು. ಅವ್ವ ತಲೆಕೆಳಗಾಗಿ ಓದುತ್ತಿದ್ದಳು.

ಮೊಳೆ ಜೋಡಿಸುವವರಿಗೆ ಇದು ಅಭ್ಯಾಸ. ಸೀಸದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಕೈಯಲ್ಲಿ ಹಿಡಿದಾಗ ಅದರ ಕಾಲು ಮೇಲಕ್ಕೆ. ದಿನವಿಡೀ ಹಾಗೆ ನೋಡಿದ ಕಣ್ಣಿಗೆ ನೆಟ್ಟಗಿರುವುದು, ತಲೆಕೆಳಗಿರುವುದು ಎರಡೂ ಒಂದೇ ಆಗಿಬಿಡುತ್ತದೆ. ಗಿರಾಕಿ ಮೇಜಿನ ಆ ಕಡೆ ಕೂತು ಕರಡು ಓದುತ್ತಿದ್ದರೆ ಅವ್ವ ಈ ಕಡೆ ನಿಂತು, ಅವರಿಗಿಂತ ಮುಂಚೆ ಓದಿ, "ಮೂರ್ನೇ ಸಾಲು ನೋಡ್ರಿ, ನಿಮ್ಮ ಬೀಗರ ಊರು ಬಿಟ್ಟುಹೋಗೈತೆ" ಎನ್ನುತ್ತಿದ್ದಳು. ಮನೆಯಲ್ಲೂ ಅಷ್ಟೇ. ಪೇಪರು ಹೇಗೆ ಕೈಗೆ ಬಂತೋ ಹಾಗೆ ಹಿಡಿದು ಓದುವುದು. ತಿರುಗಿಸುವ ಗೊಡವೆಯಿಲ್ಲ. ನೆಂಟರು ಬಂದಾಗ ನಾನು ಇದನ್ನು ಸರ್ಕಸ್ಸಿನ ಹಾಗೆ ತೋರಿಸುತ್ತಿದ್ದೆ.

ಆ ಪ್ರೆಸ್ಸು ಮುಚ್ಚಿತು, ಮರುಳಪ್ಪನವರು ಹೋದರು, ಅಪ್ಪನೂ ಹೋದ. ಅವ್ವ ನನ್ನ ಜೊತೆ ದುರ್ಗಕ್ಕೆ ಬಂದು ಬಹಳ ವರ್ಷವಾಯಿತು. ಬೆಳಗಾದರೆ ಬಾಗಿಲ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದಳು. ನಾನು ಒಳಗೆ ಉಪ್ಪಿಟ್ಟು ಕೆದಕುತ್ತ, "ಏನೈತವ್ವ ಇವತ್ತು?" ಎನ್ನುತ್ತಿದ್ದೆ. ಅವಳು ಯಾರು ಸತ್ತರು, ಎಲ್ಲಿ ಮಳೆ ಬಂತು ಎಂದು ಹೇಳುತ್ತಿದ್ದಳು. ಕಾಲೇಜಿನಿಂದ ಬಂದ ಮೇಲೆ ನಾನು ಚಪ್ಪಲಿ ಬಿಡುತ್ತಲೇ "ಸುಸ್ತಾತವ್ವ" ಎನ್ನುತ್ತಿದ್ದೆ. ಇದೂ ಒಂದು ನಿತ್ಯಪೂಜೆ. ಬೇರೆ ಮನೆಗಳಲ್ಲಿ "ಬಂದೆ" ಅನ್ನುವ ಜಾಗದಲ್ಲಿ ನಮ್ಮ ಮನೆಯಲ್ಲಿ "ಸುಸ್ತಾತು".

ಹೋದ ವರ್ಷ ಮಳೆಗಾಲದಿಂದೀಚೆಗೆ ಅವ್ವನ ಸುದ್ದಿ ಚಿಕ್ಕದಾಗುತ್ತ ಬಂತು. "ಏನೈತೆ, ಅದೇ ರಾಜಕೀಯ" ಎಂದು ಮುಗಿಸುತ್ತಿದ್ದಳು. ವಯಸ್ಸಾಯಿತು, ಬೇಸರವಿರಬೇಕು ಎಂದುಕೊಂಡೆ. ಪೇಪರು ಮೊದಲಿಗಿಂತ ಹೆಚ್ಚು ಸಲ ತಲೆಕೆಳಗಾಗಿ ಇರುತ್ತಿತ್ತು. ನೋಡಿದೆ. ನೋಡಿ ನಕ್ಕೆ ಕೂಡ. ಹಳೇ ಚಾಳಿ ಜೋರಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗಿಸಿದೆ. ಲೋಕದಲ್ಲಿ ಬೇರೆ ಯಾರ ತಾಯಿಯಾದರೂ ಪೇಪರನ್ನು ತಲೆಕೆಳಗೆ ಹಿಡಿದಿದ್ದರೆ ಮಕ್ಕಳು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಓಡುತ್ತಿದ್ದರು. ಮೊಳೆ ಜೋಡಿಸುವವಳ ಮಗಳು ಮಾತ್ರ ನಗುತ್ತ ಕೂರಲು ಸಾಧ್ಯ.

ಒಂದು ದಿನ ಪೇಪರು ಹಾಕುವವನು ಪಕ್ಕದ ಮನೆಯ ಇಂಗ್ಲಿಷ್ ಪೇಪರನ್ನು ನಮ್ಮ ಮೆಟ್ಟಿಲ ಮೇಲೆ ಎಸೆದು ಹೋಗಿದ್ದ. ಅವ್ವನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ನಾನು ಕಾಫಿ ತಂದಾಗ ಅವಳು ಅದನ್ನು ಮಂಡಿಯ ಮೇಲೆ ಹರಡಿಕೊಂಡು ಕೂತಿದ್ದಳು. ಅರ್ಧ ಗಂಟೆಯಿಂದ ಕೂತಿದ್ದಳು.

"ಏನೈತವ್ವ ಇವತ್ತು?"

ಅವಳು ಪುಟ ಮಗುಚಿದಳು. "ಏನೈತೆ, ಅದೇ ರಾಜಕೀಯ."

ಲೋಟ ನನ್ನ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಕೂತು, ಅದು ಇಂಗ್ಲಿಷ್ ಪೇಪರು ಎಂದು ಹೇಳಿದೆ. ಅವ್ವ ಪೇಪರು ಮಡಿಸಿದಳು. ಅಂಚಿಗೆ ಅಂಚು ಸರಿಯಾಗಿ ಕೂರಿಸಿ, ಉಗುರಿನಿಂದ ಗೀರಿ, ಪ್ರೆಸ್ಸಿನಲ್ಲಿ ಮಡಿಸುತ್ತಿದ್ದಂತೆಯೇ.

"ಯಾವಾಗಿನಿಂದ?"

"ಮಳೆಗಾಲಕ್ಕೆ ಮುಂಚೆನೇ ಶುರುವಾಗಿತ್ತು. ನಡುವೆ ಕಾಣಲ್ಲ ಕಣೇ ಗಿರ್ಜಾ. ಹೊಗೆ ಹಾಕ್ದಂಗೆ ಐತೆ. ಸುತ್ತ ಕಾಣ್ತೈತೆ. ನಿನ್ನ ಮುಖ ನೋಡಿದ್ರೆ ಮುಖ ಇರಾ ಜಾಗದಾಗೆ ಏನೂ ಇಲ್ಲ. ಓಲೆ ಎರಡು ಕಾಣ್ತಾವೆ."

"ಯಾಕೆ ಹೇಳ್ಲಿಲ್ಲ?"

"ನೀನು ದಿನಾ ಸುಸ್ತು ಅಂತ ಬರ್ತೀಯ. ಅದ್ರ ಮೇಲೆ ಇದೊಂದು ಯಾಕೆ ಅಂತ."

ನಾನು ಮೊದಲೇ ಹೇಳಿದ ಅಪರಾಧ ಇದೇ. ಇಪ್ಪತ್ತಾರು ವರ್ಷ ಊರ ಮಕ್ಕಳಿಗೆಲ್ಲ ಕಣ್ಣು ಬಿಟ್ಟು ನೋಡಿ ನೋಡಿ ಎಂದು ಹೇಳಿದವಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಅವತ್ತು ಕಾಲೇಜಿಗೆ ಹೋಗಲಿಲ್ಲ. ಡಾಕ್ಟರ ಹತ್ತಿರ ಹೋದೆವು. ಅವರು ಒಳಗಿನ ಪರದೆಯ ನಡುಭಾಗ ಸವೆದಿದೆ, ಕನ್ನಡಕದಿಂದ ಸರಿಹೋಗುವುದಲ್ಲ, ಬಹಳ ತಡವಾಗಿ ಬಂದಿದ್ದೀರಿ ಎಂದರು. ಇರುವ ಅಂಚನ್ನು ಉಳಿಸಿಕೊಳ್ಳಿ, ಅದನ್ನೇ ಬಳಸುವುದು ಕಲಿಯಿರಿ, ಮೂರು ತಿಂಗಳಿಗೊಮ್ಮೆ ತೋರಿಸಿ ಎಂದರು. ಅಂಚಾದರೂ ಉಳಿಯುತ್ತದೆಯೇ ಎಂದು ಕೇಳಿದೆ. ನೋಡೋಣ ಎಂದರು. ತಡವಾಗಿ ಬಂದಿದ್ದೀರಿ ಎಂಬ ಮಾತು ನನಗೆ ಇನ್ನೂ ನುಂಗಲು ಆಗಿಲ್ಲ.

ಆಮೇಲೆ ಅವ್ವ ಪೇಪರು ಮುಟ್ಟಲಿಲ್ಲ. ನಾನು ಓದಿ ಹೇಳುತ್ತೇನೆ ಎಂದರೆ ಬೇಡ ಎಂದಳು. "ಓದಿ ಹೇಳಿಸ್ಕಳಾದು ಬೇರೆ, ಓದಾದು ಬೇರೆ." ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಬೆಳಕು ಚುಚ್ಚುತ್ತದೆ ಎಂದಳು. ಮೆಟ್ಟಿಲ ಮೇಲೆ ಮೊದಲಿನಂತೆಯೇ ಕೂರುತ್ತಿದ್ದಳು, ಖಾಲಿ ಕೈಯಲ್ಲಿ. ಆ ಖಾಲಿ ಕೈ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಹಿಂದಿನ ಬಾಗಿಲಿಂದ ಕಾಲೇಜಿಗೆ ಹೋದ ದಿನಗಳೂ ಇವೆ.

ಆ ವಾರ ತರಗತಿಯಲ್ಲಿ ಐದು ಚೌಕದ ಅಭ್ಯಾಸ ಕೊಡಲು ಬಾಯಿ ತೆರೆದೆ. ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಬೋರ್ಡಿನ ಮೇಲೆ ಬರೆದೆ: 'ಓದುವವರು ಒಬ್ಬರು. ವಯಸ್ಸು ಎಂಬತ್ತೊಂದು. ನಡುವೆ ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಇವರು ಓದುವಂಥ ಒಂದು ಪುಟ ಮಾಡಿ. ಏನು ಬರೆಯಬೇಕು ಎನ್ನುವುದು ನಿಮಗೆ ಬಿಟ್ಟದ್ದು.'

ತಿಪ್ಪೇಶ ಕೈ ಎತ್ತಿದ. "ಮೇಡಂ, ಓದೋರನ್ನೇ ನೋಡ್ದಲೆ ಹೆಂಗೆ ಮಾಡಾದು? ಕರ್ಕಂಡು ಬರ್ರಿ."

ಮರುವಾರ ಆಟೋದಲ್ಲಿ ಕರೆದುಕೊಂಡು ಹೋದೆ. ಅವ್ವ ಇಸ್ತ್ರಿ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ತಯಾರಾಗಿದ್ದಳು. ಹದಿನಾಲ್ಕು ಮಕ್ಕಳು ಎದ್ದು ನಿಂತು ನಮಸ್ಕಾರ ಮಾಡಿದರು. "ಕುಂತ್ಕಳ್ರಪ್ಪ, ಕುಂತ್ಕಳ್ರಿ. ನಾನೇನು ಇನ್‌ಸ್ಪೆಕ್ಟರಾ?" ಎಂದಳು. ಆದರೆ ಕೂತ ಠೀವಿ ಇನ್‌ಸ್ಪೆಕ್ಟರದೇ.

ಮೊದಲು ಬಂದವನು ತಿಪ್ಪೇಶ. ಹಳದಿ ಹಾಳೆಯ ಮೇಲೆ ಕೆಂಪಕ್ಷರ, ಅಕ್ಷರಕ್ಕೆ ನೀಲಿ ನೆರಳು, ನೆರಳಿಗೆ ಬಿಳಿ ಅಂಚು. ಅವ್ವ ಹಾಳೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದಳು.

"ಏನಪ್ಪ, ಜಾತ್ರೆ ತಂದೀಯಲ್ಲ. ಬಣ್ಣ ಕಾಣ್ತೈತೆ. ಅಕ್ಷರ ಎಲ್ಲೈತೆ?"

ಎಲ್ಲರೂ ನಕ್ಕರು. ತಿಪ್ಪೇಶನೂ ನಕ್ಕ. ಆಮೇಲೆ ಬಂದ ಹಾಳೆಗಳೂ ಒಂದೊಂದಾಗಿ ಸೋತವು. ಒಬ್ಬಳದು ಅಕ್ಷರ ದೊಡ್ಡದು, ಆದರೆ ಕೂದಲೆಳೆಯ ಹಾಗೆ ತೆಳ್ಳಗೆ. ಒಬ್ಬನದು ದಪ್ಪ, ಆದರೆ ಒಂದಕ್ಕೊಂದು ಅಂಟಿಕೊಂಡು ಒಂದು ಕಪ್ಪು ಮುದ್ದೆ. ಒಬ್ಬ ಡಾಕ್ಟರ ಮಾತನ್ನು ಹಾಗೆಯೇ ನಂಬಿ ಅಕ್ಷರಗಳನ್ನೆಲ್ಲ ಪುಟದ ಅಂಚಿಗೇ ಓಡಿಸಿದ್ದ. ಅಂಚಿನಲ್ಲಿ ಕಾಣುತ್ತದೆ ಎಂದರೆ ಕಣ್ಣಿನ ಅಂಚು, ಹಾಳೆಯ ಅಂಚಲ್ಲವಪ್ಪ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಯಿತು. ಅವ್ವನಿಗೂ ಸಾಕಾಗುತ್ತಿತ್ತು. ಪ್ರತಿ ಹಾಳೆಗೂ "ಚೆನ್ನಾಗೈತೆ ಬಿಡು" ಎನ್ನತೊಡಗಿದ್ದಳು. "ಅದೇ ರಾಜಕೀಯ" ಎನ್ನುತ್ತಿದ್ದ ಅದೇ ದನಿಯಲ್ಲಿ. ಯಾಕಾದರೂ ಕರೆತಂದೆನೋ ಎನಿಸಿತು. ಒಂದು ಸೋಲನ್ನು ಮನೆಯಲ್ಲೇ ಮುಚ್ಚಿಟ್ಟುಕೊಳ್ಳದೆ ಹದಿನಾಲ್ಕು ಜನರ ಮುಂದೆ ಹರಡಿದ ಹಾಗಾಯಿತಲ್ಲ.

ಕೊನೆಗೆ ಕಾವ್ಯ ಬಂದಳು. ಮದಕರಿಪುರದಿಂದ ಬರುವ ಹುಡುಗಿ, ಇಡೀ ವರ್ಷದಲ್ಲಿ ನಾಲ್ಕು ಮಾತಾಡಿದವಳಲ್ಲ. ಅವಳ ಕೈಯಲ್ಲಿ ದೊಡ್ಡ ಡ್ರಾಯಿಂಗ್ ಹಾಳೆ. ಅದರ ಮೇಲೆ ಎರಡೇ ಪದ. ಒಂದೊಂದು ಅಕ್ಷರ ಅಂಗೈಯಗಲ, ಕಡುಗಪ್ಪು, ಒಂದೇ ದಪ್ಪದ ಗೆರೆ. ಪದಕ್ಕೂ ಪದಕ್ಕೂ ನಡುವೆ, ಸಾಲಿನ ಮೇಲೆ ಕೆಳಗೆ, ಬೇಕಾದಷ್ಟು ಬಿಳಿ. ಅಕ್ಷರಕ್ಕಿಂತ ಬಿಳಿಯೇ ಹೆಚ್ಚು. ಹೇಗೆ ಮಾಡಿದೆ ಎಂದು ನಾನು ಆಮೇಲೆ ಕೇಳಿದೆ. "ಮೊದ್ಲು ಖಾಲಿನ ರಟ್ಟಿನಾಗೆ ಕತ್ತರಿಸಿ ಇಟ್ಕಂಡೆ ಮೇಡಂ, ನಿಮ್ಮ ಮೇಜಿನ ಮೇಲಿನ ಆ ತುಂಡಿನಂಗೆ. ಆಮೇಲೆ ಉಳಿದ ಜಾಗದಾಗೆ ಅಕ್ಷರ ಬರೆದೆ" ಎಂದಳು.

ಅವ್ವ ಹಾಳೆಯನ್ನು ಮಂಡಿಯ ಮೇಲೆ ನಿಲ್ಲಿಸಿಕೊಂಡಳು. ನೇರ ನೋಡಿದಳು. ಇಲ್ಲ. ಆಮೇಲೆ ಕತ್ತನ್ನು ನಿಧಾನವಾಗಿ ಒಂದು ಪಕ್ಕಕ್ಕೆ ತಿರುಗಿಸಿ, ಬೇರೆ ಯಾವುದನ್ನೋ ನೋಡುತ್ತಿರುವವಳಂತೆ, ಕಿಟಕಿಯ ಕಡೆ ಮುಖ ಮಾಡಿದಳು. ತುಟಿ ಅಲುಗಿತು.

"ಊಟ... ಆತೇನ್ರಿ?"

ಅವ್ವ ಇನ್ನೊಂದು ಸಲ ಓದಿದಳು, ಈ ಸಲ ಗಟ್ಟಿಯಾಗಿ. ಆಮೇಲೆ ಕಾವ್ಯಳ ಕಡೆ ತಿರುಗಿ, ಅವಳ ಮುಖ ಇರಬಹುದಾದ ಜಾಗದ ಕಡೆ, "ಆತು ಕಣವ್ವ. ನಿಂದು?" ಎಂದಳು.

ತರಗತಿ ಹೋ ಎಂದು ಕೂಗಿತು. ನಾನು ಹಿಂದಿನ ಸಾಲಿಗೆ ಹೋಗಿ ಕಿಟಕಿ ತೆಗೆದು ನಿಂತೆ. ಸಂತೋಷವಾಗಿತ್ತು. ನಾಚಿಕೆಯೂ ಆಗಿತ್ತು. ಇಷ್ಟು ವರ್ಷ ಓದುಗರು, ಓದುಗರು ಎಂದು ಪಾಠ ಹೇಳಿದ್ದೆನಲ್ಲ, ಒಬ್ಬ ಓದುಗರಿಗಾಗಿ ಒಂದು ಪುಟವನ್ನೂ ನಾನು ಮಾಡಿರಲಿಲ್ಲ. ಅವ್ವನ ಕೈ ಆಮೇಲೂ ಸುಮ್ಮನಿರಲಿಲ್ಲ. ಹಾಳೆಯ ತಳವನ್ನು ಬೆರಳಿನಿಂದ ಅಳೆದು, "ಕೆಳಗೆ ಇನ್ನೊಂದು ಬೆರಳು ಜಾಗ ಬಿಡಬೇಕಿತ್ತು" ಎಂದು ಕಾವ್ಯಳಿಗೆ ತಿದ್ದುಪಡಿ ಹೇಳುತ್ತಿದ್ದಳು.

ಅಂದಿನಿಂದ ಮನೆಯಲ್ಲಿ ನಾನು ಪೇಪರು ಹೊರಡಿಸುತ್ತಿದ್ದೇನೆ. ದಿನಕ್ಕೊಂದು ಹಾಳೆ, ಓದುವವಳು ಒಬ್ಬಳೇ. ಅಷ್ಟು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ನಾಲ್ಕು ಪದ ಹಿಡಿಸುತ್ತವೆ, ಹೆಚ್ಚೆಂದರೆ ಐದು. ಬೆಳಿಗ್ಗೆ ಎದ್ದು ಪೂರ್ತಿ ಪೇಪರು ಓದಿ, ನಾಲ್ಕು ಪದಕ್ಕೆ ಇಳಿಸಿ, ದಪ್ಪ ಕುಂಚದಲ್ಲಿ ಬರೆದು, ಮಸಿ ಆರಿದ ಮೇಲೆ ಅವ್ವನಿಗೆ ಕೊಡಬೇಕು. ರಾಜಕೀಯ ಬೇಡವೆಂದು ಮೊದಲ ದಿನವೇ ಹೇಳಿದ್ದಾಳೆ. ನಾಲ್ಕು ಪದದಲ್ಲಿ ಹಿಡಿಸದ ಸುದ್ದಿ ಬಹಳ ಕಡಿಮೆ ಎಂದು ನನಗೆ ಈಗ ಗೊತ್ತಾಗಿದೆ. ಆದರೆ ಇದು ಕೇಳುವುದಕ್ಕೆ ಚೆಂದ, ಮಾಡುವುದಕ್ಕೆ ಅಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಕುಂಚ ಹಿಡಿಯಲು ಮನಸ್ಸು ಬಾರದ ಬೆಳಗುಗಳು ಬಂದವು. ಉಪ್ಪಿಟ್ಟು ತಳ ಹಿಡಿಯಿತು. ಎರಡು ಸಲ ಕಾಲೇಜಿಗೆ ತಡವಾಯಿತು. ಚಪ್ಪಲಿ ಬಿಡುವಾಗ ನಾಲಿಗೆ ತುದಿಗೆ ಬಂದ "ಸುಸ್ತಾತವ್ವ"ವನ್ನು ಮಾತ್ರ ಪ್ರತಿದಿನ ನುಂಗಿಕೊಂಡೆ. ಆ ಮಾತಿನಿಂದ ಆದದ್ದು ಸಾಕಿತ್ತು.

ಹೋದ ಭಾನುವಾರ ಬರೆದದ್ದು ಎರಡು ಸಾಲು: 'ಹಿರಿಯೂರಲ್ಲಿ ಮಳೆ. ಇಲ್ಲಿ ಗಾಳಿ.' ಕೊಟ್ಟು ಒಳಗೆ ಹೋದೆ. ಕಾಫಿ ತೆಗೆದುಕೊಂಡು ಬಂದಾಗ ಅವ್ವ ಹಾಳೆ ಹಿಡಿದು ಕೂತಿದ್ದಳು. ಹಾಳೆ ತಲೆಕೆಳಗಾಗಿತ್ತು.

ಅಂಚೂ ಹೋಯಿತು ಎಂದುಕೊಂಡೆ. ಇನ್ನು ಕುಂಚವೂ ಬೇಡ, ಹಾಳೆಯೂ ಬೇಡ. ಮತ್ತೆ ನನ್ನಿಂದ ಮುಚ್ಚಿಡುತ್ತಿದ್ದಾಳೆ. ಲೋಟ ಕೆಳಗಿಟ್ಟು, ಏನೂ ಆಗಿಲ್ಲವೆನ್ನುವಂತೆ, ಅವಳ ಕೈಯಿಂದ ಹಾಳೆ ತೆಗೆದು ನೆಟ್ಟಗೆ ಮಾಡಿಕೊಡಲು ಹೋದೆ.

ಅವ್ವ ಫಟ್ಟೆಂದು ನನ್ನ ಕೈ ಮೇಲೆ ಹೊಡೆದಳು.

"ಬಿಡೇ. ಬೇಕಂತಲೇ ಹಂಗಿಟ್ಕಂಡೀನಿ. ಇಷ್ಟು ವರ್ಷದ ಅಭ್ಯಾಸ ಐತಾ ಹೋತಾ ಅಂತ ನೋಡ್ತಿದ್ದೆ." ಕತ್ತು ಓರೆ ಮಾಡಿದಳು. "ಹಿರಿಯೂರಲ್ಲಿ ಮಳೆ. ಇಲ್ಲಿ ಗಾಳಿ. ಸರಿನಾ?"

"ಸರಿ" ಎಂದೆ.

ಅವಳು ಹಾಳೆ ಕೆಳಗಿಡಲಿಲ್ಲ. ಪ್ರೆಸ್ಸಿನಲ್ಲಿ ಕರಡು ನೋಡುತ್ತಿದ್ದಂತೆ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ ಹೋದಳು. 'ಗಾಳಿ'ಯ ಹತ್ತಿರ ಬೆರಳು ನಿಂತಿತು.

"ಎರಡ್ನೇ ಸಾಲು ಕೆಳಗೆ ಜಾರೈತೆ. ಮಸಿನೂ ಕೊನೇ ಅಕ್ಷರಕ್ಕೆ ಸಾಲದೆ ಬಂದೈತೆ. ಹೋದ ವಾರದಿಂದ ಹಿಂಗೇ ಬರೀತಿದೀಯ." ಅವ್ವ ನನ್ನ ಓಲೆಗಳ ಕಡೆ ನೋಡಿದಳು. "ಸುಸ್ತಾಗೈತೆ ನಿಂಗೆ. ಯಾಕೆ ಹೇಳ್ಲಿಲ್ಲ?"

ಅವ್ವ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ನಾಳೆ ಬರೀಬ್ಯಾಡ. ಖಾಲಿ ಹಾಳೆ ಕೊಡು, ಸಾಕು. ಕುಂತ್ಕ ಈಗ."

ಕೂತೆ.